ದೊಡ್ಡಪ್ಪನನ್ನು ಮಡಚಿದ ಪ್ರಸಂಗ

ದುಮ್ಮವಾಡದಲ್ಲಿ ಗೋಡೆಗೂ ಒಂದು ನ್ಯಾಯವಿದೆ. ಬದುಕಿರುವ ಮನುಷ್ಯ ಫೋಟೋದಲ್ಲಿ ಗೋಡೆ ಏರಬೇಕಾದರೆ ಗುಂಪಿನಲ್ಲಿಯೇ ಏರಬೇಕು. ಅದು ಮದುವೆಯ ಗುಂಪಿರಲಿ, ಭಜನೆಯ ಗುಂಪಿರಲಿ, ಸೊಸೈಟಿಯ ಗುಂಪಿರಲಿ. ಫೋಟೋದ ಕಟ್ಟಿನೊಳಗೆ ಒಬ್ಬರೇ ಕೂಡುವ ಹಕ್ಕಿರುವುದು ದೇವರಿಗೆ ಮತ್ತು ದೇವರ ಕಡೆಗೆ ಹೋದವರಿಗೆ ಮಾತ್ರ. ಈ ನ್ಯಾಯವನ್ನು ಯಾರೂ ಎಲ್ಲಿಯೂ ಅಚ್ಚು ಹಾಕಿಸಿಲ್ಲ. ಅಚ್ಚಾದದ್ದನ್ನೆಲ್ಲ ಓದಿದ್ದ ಈರಬಸಪ್ಪ ಇದೊಂದನ್ನು ಮರೆತದ್ದು ಅದಕ್ಕೇ ಇರಬೇಕು.

ಈರಬಸಪ್ಪ ಊರ ವಾಚನಾಲಯದ ಮೇಲ್ವಿಚಾರಕ. ಎಂದರೆ ಮುಂಜಾನೆ ಬಾಗಿಲು ತೆಗೆಯುವವನು, ಸಂಜೆ ಹಾಕುವವನು, ನಡುವಿನ ಹೊತ್ತಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಬರುವ ಪತ್ರಿಕೆಗಳನ್ನು ಎಲ್ಲರಿಗಿಂತ ಮೊದಲು ಓದಿ, ಉಳಿದವರು ಓದುವಾಗ ಮುಂದಿನ ಸಾಲನ್ನು ತಾನೇ ಹೇಳಿಬಿಡುವವನು. ಓದಿದ್ದನ್ನು ಮಾಡಿ ನೋಡುವ ಚಟ ಬೇರೆ. ಹಿಂದಿನ ವರ್ಷ ಸೋಪು ಮಾಡುವ ವಿಧಾನ ಓದಿ, ಮಾಡಿ, ದೊಡ್ಡಪ್ಪನ ಧೋತರಕ್ಕೆ ಹಚ್ಚಿ ತೋರಿಸಿದ್ದ. ಧೋತರ ಉಳಿಯಿತು. ಅದರ ದಡಿ ಮಾತ್ರ ಬಣ್ಣ ಬಿಟ್ಟು ಓಡಿಹೋಯಿತು.

ಎಂಬತ್ತೈದರ ಸುಮಾರಿನ ಬೇಸಿಗೆ. ಬಿತ್ತಿಗೆಗೆ ಇನ್ನೂ ಕೆಲವು ದಿನ ಇರುವಾಗ, ಪಡಸಾಲೆಯ ಗೋಡೆಯ ಮೇಲಿದ್ದ ಮದುವೆಯ ಫೋಟೋ ತಾನಾಗಿಯೇ ಕೆಳಗೆ ಬಿತ್ತು. ಗೆದ್ದಲು ಹಿಂದಿನಿಂದ ಬಂದು ಕಟ್ಟನ್ನೂ ರಟ್ಟನ್ನೂ ತಿಂದು, ಫೋಟೋವನ್ನು ಯಾಕೋ ಬಿಟ್ಟಿತ್ತು. ಗಾಜು ಪುಡಿಪುಡಿ. ಈರಬಸಪ್ಪನ ಹೆಂಡತಿ ರೇವವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಗಾಜಿನ ಚೂರುಗಳ ನಡುವಿನಿಂದ ಫೋಟೋ ಎತ್ತಿ, ಮೊದಲು ನೋಡಿದ್ದು ಅದರ ಬಲಗಡೆಯ ಅಂಚನ್ನು.

ಆ ಫೋಟೋದ ಭೂಗೋಳವನ್ನು ಇಲ್ಲಿ ಹೇಳಿಬಿಡಬೇಕು, ಮುಂದಿನ ಯುದ್ಧವೆಲ್ಲ ನಡೆದದ್ದು ಆ ನೆಲದ ಮೇಲೆಯೇ. ಎಡತುದಿಗೆ ಈರಬಸಪ್ಪನ ದೊಡ್ಡಪ್ಪ ಶಂಕ್ರಪ್ಪ, ರುಮಾಲು ಸುತ್ತಿಕೊಂಡು, ಫೋಟೋ ತೆಗೆಯುವವನನ್ನೇ ಹೊಡೆಯುವವನಂತೆ ಬಡಿಗೆ ಹಿಡಿದು ನಿಂತಿದ್ದ. ನಡುವೆ ಮದುಮಗ ಈರಬಸಪ್ಪ, ಮದುಮಗಳು ರೇವವ್ವ, ಇಬ್ಬರ ಮಧ್ಯದ ಕುರ್ಚಿಯಲ್ಲಿ ಗುಡದಪ್ಪ. ಗುಡದಪ್ಪ ಯಾರ ನೆಂಟನೂ ಅಲ್ಲ. ಆದರೆ ಊರಿನಲ್ಲಿ ಕಬ್ಬಿಣದ ಕುರ್ಚಿಗಳಿದ್ದದ್ದು ಅವನ ಮನೆಯಲ್ಲಿ ಮಾತ್ರ. ಯಾರ ಮದುವೆಗೆ ಕುರ್ಚಿ ಹೋದರೂ ಕಾಯಲೆಂದು ಅವನೂ ಹೋಗುತ್ತಿದ್ದ, ಫೋಟೋದ ಹೊತ್ತಿಗೆ ನಡುವಿನ ಕುರ್ಚಿಯನ್ನು ಕೂತೇ ಕಾಯುತ್ತಿದ್ದ. ಊರಿನ ಎಲ್ಲ ಮದುವೆಯ ಫೋಟೋಗಳಲ್ಲೂ ಮದುಮಕ್ಕಳು ಬೇರೆಬೇರೆ, ಗುಡದಪ್ಪ ಒಬ್ಬನೇ. ಬಲಕ್ಕೆ ರೇವವ್ವನ ತಮ್ಮ ಮಡಿವಾಳೆಪ್ಪ. ಅವನಾಚೆ, ಕಾಗದ ಮುಗಿಯುವ ಅಂಚಿಗೆ, ರೇವವ್ವನ ತಾಯಿ ನೀಲವ್ವ. ಕೂಗಿದ ಕೂಡಲೇ ಅಡಿಗೆಮನೆಯಿಂದ ಬಂದು ನಿಂತವಳು. ಕೈಯಲ್ಲಿ ಸೌಟು ಹಾಗೆಯೇ ಇತ್ತು.

ಅದಾದ ಎರಡು ವರ್ಷಕ್ಕೆ ನೀಲವ್ವ ತೀರಿಕೊಂಡಳು. ಬೇರೆ ಫೋಟೋ ತೆಗೆಸಿರಲಿಲ್ಲ.

"ನಮ್ಮವ್ವಂದು ಇದೊಂದ ಮಾರಿ ಉಳದೈತ್ರಿ" ಎಂದಳು ರೇವವ್ವ. "ಮರತು ಹೋದೀತಂತ ದಿನಾ ಮುಂಜಾನೆ ನೋಡತೀನಿ. ಬಡಿಗೇರ ಕಡೆ ಒಯ್ದು ಕಟ್ಟು ಹಾಕಿಸ್ಕೊಂಡ ಬರ್ರಿ."

"ಬಡಿಗೇರ ಮನಿ ಮುಂದ ಕೂರಿಗಿ ಪಾಳೇದಾಗ ನಿಂತಾವ. ಬಿತ್ತಿಗಿ ಮುಗಿಯೋ ಮಟಾ ಅವ ತಲಿ ಎತ್ತಂಗಿಲ್ಲ. ಮತ್ತ ಇದಕ್ಕ ಬಡಿಗ್ಯಾ ಯಾಕ್ಬೇ? ನಾಕ ಪಟ್ಟಿ, ನಾಕ ಮೊಳಿ. ನಾನ ಮಾಡತೀನಿ."

"ಸೋಪ ಮಾಡಿದಂಗ?"

ಈರಬಸಪ್ಪ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. ಗಂಡಸರಿಗೆ ಸಾಧಾರಣವಾಗಿ ಇಂಥ ಪ್ರಶ್ನೆಗಳು ಕೇಳಿಸುವುದಿಲ್ಲ.

"ಮಾಡ್ರಿ" ಎಂದಳು ರೇವವ್ವ. "ಆದ್ರ ನಮ್ಮವ್ವ ಗ್ವಾಡಿ ಮ್ಯಾಲ ಇರಬೇಕು. ಕತ್ತರಿ ಗಿತ್ತರಿ ಹಚ್ಚಿದ್ರಿ ಅಂದ್ರ, ನಾ ಹೇಳಂಗಿಲ್ಲ, ನೀವ ನೋಡ್ತೀರಿ."

ವಾಚನಾಲಯದ ಹಳೆಯ ವಾರಪತ್ರಿಕೆಯೊಂದರಲ್ಲಿ 'ಮನೆಯಲ್ಲೇ ಮಾಡಿ' ಎಂಬ ಅಂಕಣವಿತ್ತು. ಮರದ ಪಟ್ಟಿಗಳನ್ನು ಆರಿಸುವುದು, ನಯಗೊಳಿಸುವುದು, ಎಲ್ಲ ಸವಿಸ್ತಾರ. ಕೊನೆಗೆ, "ನಾಲ್ಕು ಮೂಲೆಗಳನ್ನು ಕೂಡಿಸುವಾಗ ಅತ್ಯಂತ ಮುಖ್ಯವಾಗಿ ಗಮನದಲ್ಲಿಡಬೇಕಾದ ಸಂಗತಿ ಏನೆಂದರೆ" ಎನ್ನುವಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಹಾಳೆಯನ್ನು ಯಾರೋ ಓದುಗರು ತಂಬಾಕು ಕಟ್ಟಲು ಒಯ್ದಿದ್ದರು. ಜ್ಞಾನದ ಹಸಿವಿಗಿಂತ ತಂಬಾಕಿನ ಹಸಿವು ದೊಡ್ಡದು. ಈರಬಸಪ್ಪ ಧೈರ್ಯಗೆಡಲಿಲ್ಲ. ಇಷ್ಟು ಓದಿದವನಿಗೆ ಒಂದು ಸಂಗತಿ ಹೆಚ್ಚೇ?

ದನದ ಕೊಟ್ಟಿಗೆಗೆ ರಾತ್ರಿ ಅಡ್ಡ ನಿಲ್ಲಿಸುತ್ತಿದ್ದ ಮುರುಕು ಸಾಗವಾನಿ ಬಾಗಿಲನ್ನು ಹೊರಗೆ ಎಳೆದ. ಎದುರು ಮನೆಯ ದೊಡ್ಡಪ್ಪನಿಂದ ಗರಗಸ ಇಸಗೊಂಡು ಬಂದ. ನಾಲ್ಕು ಪಟ್ಟಿ ಕೊಯ್ದ. ಮೂಲೆ ಓರೆ ಕೊಯ್ಯಬೇಕೆಂಬುದು ಅವನಿಗೆ ಗೊತ್ತಿತ್ತು, ಎಷ್ಟು ಓರೆ ಎಂಬುದು ತಂಬಾಕಿನ ಜೊತೆ ಹೋಗಿತ್ತು. ಕಣ್ಣಂದಾಜಿನಲ್ಲಿ ಕೊಯ್ದು ಕೂಡಿಸಿದರೆ ಮೂರು ಮೂಲೆ ಕೂಡಿದವು, ನಾಲ್ಕನೆಯದರಲ್ಲಿ ಇಲಿ ಹೋಗಿ ಬರುವಷ್ಟು ಸಂದಿ. ಅದನ್ನು ಮುಚ್ಚಲು ಒಂದು ಪಟ್ಟಿಯ ತುದಿಯನ್ನು ತುಸು ಕೊಯ್ದ. ಆ ಸಂದಿ ಮುಚ್ಚಿ, ಎದುರಿನ ಮೂಲೆ ಬಾಯಿ ತೆರೆಯಿತು. ಅಲ್ಲಿ ತುಸು. ಇಲ್ಲಿ ತುಸು. ಬೆಕ್ಕುಗಳಿಗೆ ರೊಟ್ಟಿ ಪಾಲು ಮಾಡಿದ ಮಂಗನೂ ಹೀಗೆಯೇ ನ್ಯಾಯವಂತನಿದ್ದನಂತೆ. ಹೊತ್ತು ಏರುವಷ್ಟರಲ್ಲಿ ಕಟ್ಟು ಒಂದು ತರಹ ಕೂಡಿತು. ಆದರೆ ಫೋಟೋ ಇಟ್ಟು ನೋಡಿದರೆ ಕಟ್ಟು ಒಳಗೆ, ಫೋಟೋ ಹೊರಗೆ.

ಕತ್ತರಿಗೆ ರೇವವ್ವನ ನಿಷೇಧವಿತ್ತು. ಮಡಚುವುದಕ್ಕೆ ಇರಲಿಲ್ಲ. ಬಲಗಡೆ ನೀಲವ್ವ, ಮುಟ್ಟುವ ಹಾಗಿಲ್ಲ. ಈರಬಸಪ್ಪ ಎಡಗಡೆಯ ಅಂಚನ್ನು ಮೆಲ್ಲಗೆ ಹಿಂದಕ್ಕೆ ಮಡಚಿದ. ದೊಡ್ಡಪ್ಪ ರುಮಾಲು, ಬಡಿಗೆ ಸಹಿತ ಬೆನ್ನ ಹಿಂದೆ ಹೋದ.

ಈ ದೃಶ್ಯವನ್ನು ಬಾಜು ಮನೆಯ ದುಂಡವ್ವ ಗೋಡೆಯ ಮೇಲಿನಿಂದ ನೋಡಿದಳು. ಆ ಫೋಟೋದಲ್ಲಿ ದುಂಡವ್ವನೂ ಇದ್ದಳು, ಆದರೆ ಗುಡದಪ್ಪನ ರುಮಾಲಿನ ಹಿಂದೆ ಅರ್ಧ ಮುಖ ಮಾತ್ರ. ಆದ್ದರಿಂದ ಉಳಿದವರ ಪೂರ್ತಿ ಮುಖಗಳ ಬಗ್ಗೆ ಅವಳಿಗೆ ಅಂಥ ಮರುಕವಿರಲಿಲ್ಲ.

"ಶಂಕ್ರಪ್ಪಜ್ಜಾ" ಎಂದು ಅವಳು ಅಲ್ಲಿಂದಲೇ ಓಣಿ ದಾಟುವಂತೆ ಕೂಗಿದಳು, "ನಿನ್ನ ಮಡಚ್ಯಾನ ನೋಡ ಮಗಾ!"

ಶಂಕ್ರಪ್ಪ ಬಂದ. ಫೋಟೋದಲ್ಲಿದ್ದ ಬಡಿಗೆಯನ್ನೇ ಹಿಡಿದು ಬಂದ.

"ನನ್ನ ಗರಗಸಾ ಇಸಗೊಂಡು ನನ್ನ ಮಡಚಿದೇನಲೇ?"

"ಹಂಗಲ್ಲ ದೊಡ್ಡಪ್ಪಾ, ಕಟ್ಟು ಒಂದೀಟು ಸಣ್ಣದಾತು."

"ಸಣ್ಣದಾದ್ರ ನನ್ನ ಕಡಿಂದ ಯಾಕ ಮಡಚಿದಿ? ಹೆಂಡ್ತಿ ಕಡಿಂದ ಮಡಚಬೇಕಿಲ್ಲ? ನಿಮ್ಮಪ್ಪ ಹೋದ ಮ್ಯಾಲ ನಿನ್ನ ಮದಿವಿ ಮಾಡಿದವ್ರು ಯಾರಲೇ? ಅಕ್ಷತಾ ಒಗದ ಕೈ ಇದು, ಇದನ್ನ ಹಿಂದಕ್ಕ ಮುರದೀ?"

"ಮುರದಿಲ್ಲ ದೊಡ್ಡಪ್ಪಾ, ಮಡಚೀನಿ. ಬೇಕಾದಾಗ ತಗೀಬೋದು."

"ನಾನೇನ ಛತ್ರಿ ಏನಲೇ, ಬೇಕಾದಾಗ ತಗ್ಯಾಕ?"

ಸಿಟ್ಟಿನಲ್ಲಿ ಹೋದ ಶಂಕ್ರಪ್ಪ ಸುಮ್ಮನೆ ಮನೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅರಣ್ಯ ಇಲಾಖೆಯ ಗಾರ್ಡ್ ನಿಜಾಮಸಾಬ ಕೂತಿದ್ದ. ಈರಬಸಪ್ಪನ ಅಂಗಳದಲ್ಲಿ ಸಾಗವಾನಿ ಬಿದ್ದಿದೆ ಎಂದು ಅವನ ಕಿವಿಯಲ್ಲಿ ಹಾಕಿ, ಅವನ ಚಹಾವನ್ನೂ ತಾನೇ ಕುಡಿದು ಬಂದ.

ನಿಜಾಮಸಾಬ ಕರ್ತವ್ಯದಲ್ಲಿ ಕಠೋರ. ಅಂಗಳಕ್ಕೆ ಬಂದು, ಟೊಪ್ಪಿಗೆ ಸರಿಮಾಡಿಕೊಂಡು, ಪಂಚನಾಮೆಯ ದನಿಯಲ್ಲಿ ಕೇಳಿದ:

"ಈರಬಸಪ್ಪನವರ, ಈ ಸಾಗವಾನಿ ಯಾವ ಕಾಡಿಂದು?"

"ಕಾಡಿಂದಲ್ರಿ, ಕೊಟಗಿ ಬಾಗಲದ್ದು. ನಮ್ಮಜ್ಜನ ಕಾಲದ್ದು."

ನಿಜಾಮಸಾಬ ಬಗ್ಗಿ ಒಂದೊಂದೇ ತುಂಡನ್ನು ಎತ್ತಿ ನೋಡಿದ. ಕೊಯ್ದ ಓರೆಗಳನ್ನು ನೋಡಿದ. ಮೂಲೆಯ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ. ಅವನ ಮುಖದ ಕಾಠಿಣ್ಯ ಕರಗಿತು.

"ಇದು ಕದ್ದ ಕಟಿಗಿ ಅಲ್ಲ ಬಿಡ್ರಿ" ಎಂದ. "ಕಳ್ಳರು ಕಟಿಗಿಗೆ ಮರ್ಯಾದಿ ಕೊಡ್ತಾರ."

ಅಲ್ಲಿಗೆ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಎದುರಿಗೆ ವಾರೆಯಾದ ಕಟ್ಟು ಬಿದ್ದಿರುವಾಗ, ಪಕ್ಕದಲ್ಲೇ ಗರಗಸವಿರುವಾಗ, ಗಂಡಸಾದವನಿಗೆ ಕೈ ಕಟ್ಟಿ ನಿಲ್ಲುವುದು ಸಾಧ್ಯವಿಲ್ಲ. "ಇಲ್ಲೊಂದೀಟು ತಗೀರಿ, ಅಗದಿ ಬರೋಬ್ಬರಿ ಆಗತೈತಿ" ಎಂದು ನಿಜಾಮಸಾಬ ತಾನೇ ಕೊಯ್ದ. ಬರೋಬ್ಬರಿ ಆಗಲಿಲ್ಲ. ಇನ್ನೊಂದೀಟು ಕೊಯ್ದ. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬಿಬ್ಬರು ಚಕ್ಕಡಿ ನಿಲ್ಲಿಸಿ ಬಂದು ತಾವೂ ಒಂದೊಂದು ಕೈ ಎಳೆದರು. ಅರಣ್ಯ ಇಲಾಖೆ ಹೊರಟು ಹೋದಾಗ ಕಟ್ಟು ಮೊದಲಿನ ಅರ್ಧಕ್ಕೆ ಬಂದಿತ್ತು.

ಈಗ ಈರಬಸಪ್ಪನ ಬುದ್ಧಿ ಓಡಿತು. ತುದಿಯಲ್ಲಿದ್ದವರಿಗೆ ತಾನೆ ಜಗಳ? ಎರಡೂ ತುದಿ ಉಳಿಸಿ ನಡುವಿನವರನ್ನೇ ಸೀರೆಯ ನಿರಿಗೆಯ ಹಾಗೆ ಹಿಂದಕ್ಕೆ ಮಡಚಿದರೆ? ಮೊದಲು ತನ್ನನ್ನೇ ಮಡಚಿಕೊಂಡ. ಅದನ್ನು ಯಾರೂ ಗಮನಿಸಲಿಲ್ಲ. ಆಮೇಲೆ ಗುಡದಪ್ಪ, ಮದುಮಗಳು, ಮಡಿವಾಳೆಪ್ಪ, ಎಲ್ಲರೂ ನಿರಿಗೆಯಲ್ಲಿ ಹೋದರು. ಕಟ್ಟಿನಲ್ಲಿ ಇಟ್ಟ. ಹದವಾಗಿ ಕೂತಿತು. ತನ್ನ ಜಾಣತನಕ್ಕೆ ತಾನೇ ಬೆರಗಾಗಿ ಅದನ್ನು ಕಟ್ಟೆಯ ಮೇಲೆ ನಿಲ್ಲಿಸಿ, ದೂರ ಸರಿದು ನೋಡುತ್ತ ನಿಂತ.

ಆ ಹೊತ್ತಿಗೆ ಸರಿಯಾಗಿ ಕಲಘಟಗಿಯ ಬಸ್ಸು ಬಂದು, ನಿಲ್ಲಬೇಕಾದಲ್ಲಿ ನಿಲ್ಲದೆ ಈರಬಸಪ್ಪನ ಮನೆಯ ಮುಂದೆ ನಿಂತಿತು. ಅದರ ಕಂಡಕ್ಟರನೇ ರೇವವ್ವನ ತಮ್ಮ ಮಡಿವಾಳೆಪ್ಪ. ಮುಂಜಾನೆಯ ಟ್ರಿಪ್ಪಿನಲ್ಲಿ ದುಂಡವ್ವನ ಬಾಯಿಂದ ಹತ್ತಿದ ಸುದ್ದಿ ಕಲಘಟಗಿಯಲ್ಲಿ ಇಳಿಯುವಷ್ಟರಲ್ಲಿ ದಪ್ಪವಾಗಿ, ಈರಬಸಪ್ಪ ಹೆಂಡತಿಯ ಕಡೆಯವರನ್ನೆಲ್ಲ ಗರಗಸದಿಂದ ಕೊಯ್ಯುತ್ತಿದ್ದಾನೆ ಎಂದಾಗಿತ್ತು. ಮಡಿವಾಳೆಪ್ಪ ಸೀಟಿ ಬಾಯಲ್ಲಿಟ್ಟುಕೊಂಡೇ ಇಳಿದ. ಅವನ ಹಿಂದೆ ಪ್ರಯಾಣಿಕರೂ ಇಳಿದರು. ಕೊಯ್ಯುವುದನ್ನು ನೋಡಲು ಟಿಕೀಟು ಬೇಕಿರಲಿಲ್ಲ.

"ಮಾಮಾ, ನಾ ಎಲ್ಲಿ ಅದೀನಿ ಇದರಾಗ?"

"ನಿರಿಗ್ಯಾಗ ಅದೀ ಮಡಿವಾಳೆಪ್ಪಾ. ಸಿಟ್ಟಾಗಬ್ಯಾಡ. ನಾನೂ ಅಲ್ಲೇ ಅದೀನಿ."

ಮಡಿವಾಳೆಪ್ಪ ಬಾಯಿ ತೆರೆಯುವ ಮೊದಲೇ ಎದುರು ಮನೆಯಿಂದ ದೊಡ್ಡವ್ವ ಮಲ್ಲಕ್ಕ, ಎಂದರೆ ಶಂಕ್ರಪ್ಪನ ಧರ್ಮಪತ್ನಿ, ಗಂಡನಿಗೆ ನ್ಯಾಯ ಸಿಕ್ಕಿತೋ ಇಲ್ಲವೋ ನೋಡಲು ಬಂದಳು. ಕಟ್ಟೆಯ ಮೇಲಿನ ಫೋಟೋ ನೋಡಿದಳು. ಹತ್ತಿರ ಹೋಗಿ ನೋಡಿದಳು. ಸಾಗವಾನಿ ಕಟ್ಟಿನೊಳಗೆ, ಹೆಗಲಿಗೆ ಹೆಗಲು ತಾಗಿಸಿ, ಇಬ್ಬರೇ ನಿಂತಿದ್ದರು: ರುಮಾಲು ಸುತ್ತಿದ ಶಂಕ್ರಪ್ಪ ಮತ್ತು ಸೌಟು ಹಿಡಿದ ನೀಲವ್ವ. ಅದೇ ಮದುವೆಯಾಗಿ ಬಂದ ಜೋಡಿಯಂತೆ.

"ಅಯ್ಯ ನಮ್ಮ ಶಿವನ!" ಎಂದಳು ಮಲ್ಲಕ್ಕ. "ಇದ್ಯಾವಾಗ ಆತಬೇ?"

"ಏನ ಆಗಿಲ್ಲ ದೊಡ್ಡವ್ವಾ, ನಡುವ ಮಂದಿ ಅದಾರ. ಹಿಂದ ಹೋಗ್ಯಾರ."

"ಹೌದಪಾ, ಮಂದೀನ ಹಿಂದಕ್ಕ ಕಳಿಸಿ ಮುಂದ ಇವರಿಬ್ರು ನಿಂತಾರ. ನನ್ನ ಜೋಡಿ ಫೋಟೋ ತಗಸಾಕ ಬಾ ಅಂದ್ರ ಇವಗ ಕಣ್ಣಾಗ ಬೆಳಕ ಚುಚ್ಚತಿತ್ತು!"

"ನಿಮ್ಮ ಗಂಡನ್ನ ನಮ್ಮವ್ವನ ಬಾಜೂಕ ನಿಂದರಿಸಿದ್ದು ನಮಗೂ ಛಲೋ ಅನಸಿಲ್ರಿ" ಎಂದ ಮಡಿವಾಳೆಪ್ಪ, ಕಣ್ಣು ಕೆಂಪು ಮಾಡಿ.

"ಅಕ್ಕಾರ, ನೋಡಾಕ ಜೋಡಿ ಛಲೋ ಕಾಣತೈತಿ" ಎಂದು ಬಸ್ಸಿನಿಂದಿಳಿದ ಒಬ್ಬ ಯಾರೋ ಸತ್ಯ ಹೇಳಿದ. ಅವನನ್ನು ಅವನ ಹೆಂಡತಿಯೇ ಎಳೆದು ಬಸ್ಸಿನಲ್ಲಿ ಕೂಡಿಸಿದಳು. ಶಂಕ್ರಪ್ಪನೂ ಓಡಿ ಬಂದ. ಮುಂಜಾನೆ ತನ್ನನ್ನು ತೆಗೆದದ್ದಕ್ಕೆ ಬಡಿಗೆ ಎತ್ತಿದ್ದವನು ಈಗ ತನ್ನನ್ನು ತೆಗೆಯಬೇಕೆಂದು ಬಡಿಗೆ ಎತ್ತಿದ. ಡ್ರೈವರು ಹಾರ್ನ್ ಬಾರಿಸಿದ. ಮಡಿವಾಳೆಪ್ಪ ಸೀಟಿ ಊದಿದ. ಎಲ್ಲರೂ ಒಟ್ಟಿಗೆ ಮಾತಾಡಿದರು, ಯಾರೂ ಯಾರನ್ನೂ ಕೇಳಲಿಲ್ಲ.

ಇಂಥ ಹೊತ್ತಿನಲ್ಲಿ ಊರಿನವರ ನಡುವೆ ಜಾಗ ಮಾಡಿಕೊಂಡು ಬರುವವನು ಗುಡದಪ್ಪನೇ. ಬಂದ. ಜೊತೆಗೊಂದು ಕಬ್ಬಿಣದ ಕುರ್ಚಿಯನ್ನೂ ತರಿಸಿಕೊಂಡು ನಡುವೆ ಹಾಕಿ ಕೂತ.

"ನ್ಯಾಯ ಹೇಳತೀನಿ ಕೇಳ್ರಿ. ಎಡಕ್ಕ ಗಂಡಿನ ಕಡ್ಯಾವ್ರು, ಬಲಕ್ಕ ಹೆಣ್ಣಿನ ಕಡ್ಯಾವ್ರು. ಯಾರನ್ನ ಇಟ್ರೂ ಇನ್ನೊಬ್ರಿಗೆ ನೋವು. ಯಾವ ಕಡೇನೂ ಅಲ್ಲದ ಮನಷ್ಯಾ ಒಬ್ಬ ಇದ್ರ ಅವನ್ನ ಇಡ್ರಿ, ಎಲ್ಲಾರೂ ಸಮ."

"ಅಂಥಾವ ಯಾರದಾನ?"

"ಹುಡಕ್ರಿ" ಎಂದ ಗುಡದಪ್ಪ, ಮೀಸೆ ಮೇಲೆ ಕೈ ಆಡಿಸುತ್ತ.

ಹುಡುಕುವುದೇನು ಬಂತು? ಎರಡೂ ಕಡೆಯವರಿಗೆ ಇದು ಒಪ್ಪಿಗೆಯಾಯಿತು. ತಾನಿಲ್ಲದಿದ್ದರೂ ಚಿಂತೆಯಿಲ್ಲ, ಆ ಕಡೆಯವನಿಲ್ಲವಲ್ಲ ಎಂಬ ಸಮಾಧಾನ ಎಲ್ಲ ಒಪ್ಪಂದಗಳ ತಳಹದಿ. ಒಬ್ಬನೇ ಮನುಷ್ಯನಿಗೆ ಕಟ್ಟು ಈಗ ಅಗಲವಾಯಿತೆಂದು ಇನ್ನೊಂದು ಸಲ ಕೊಯ್ದರು. ಗುಡದಪ್ಪನನ್ನು ಮುಂದಕ್ಕೆ ಮಾಡಿ ಉಳಿದ ಬಳಗವನ್ನೆಲ್ಲ ಎಡಕ್ಕೂ ಬಲಕ್ಕೂ ಮಡಚಿ, ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಬಸ್ಸು ಹೊರಡುವುದನ್ನು ಮರೆತು ನಿಂತಿತ್ತು.

ಆಗ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಈರಬಸಪ್ಪನಿಗೆ ಮಾತ್ರ ಅದು ಕೇಳಿಸಿತು. ಸದ್ದು ಇದ್ದರೆ ಸಿಟ್ಟು, ಸಿಟ್ಟಿಗೆ ಮದ್ದಿದೆ. ಸದ್ದು ನಿಂತ ಅಡಿಗೆಮನೆಯ ವಿಷಯವಾಗಿ ಯಾವ ವಾರಪತ್ರಿಕೆಯಲ್ಲೂ ಅವನು ಏನೂ ಓದಿರಲಿಲ್ಲ. ರೇವವ್ವ ಬಾಗಿಲಿಗೆ ಬಂದು ಗೋಡೆ ನೋಡಿದಳು. ಗೋಡೆಯ ಮೇಲೆ ಗುಡದಪ್ಪ. ತಿರುಗಿ ಒಳಗೆ ಹೋದಳು. ಈರಬಸಪ್ಪ ಗರಗಸವನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

ದಿನದ ಹೂವು ಕೊಡಲು ಹೂಗಾರ ಮನೆಯ ಫಕೀರವ್ವ ಬಂದದ್ದು ಆವಾಗ. ಕಣ್ಣು ಮಂಜು, ಆದರೆ ಪದ್ಧತಿಗೆ ಗಟ್ಟಿ. ಒಳಗೆ ಕಾಲಿಟ್ಟವಳು ಮಂದಿಯ ಗುಂಪು ನೋಡಿದಳು. ಗೋಡೆ ನೋಡಿದಳು. ಹೊಸ ಕಟ್ಟು. ಒಳಗೆ ಒಬ್ಬನೇ ಗಂಡಸು. ಬುಟ್ಟಿ ಇಳಿಸಿ, ಹೂವಿನ ಮಾಲೆಯೊಂದನ್ನು ತೆಗೆದು ಆ ಕಟ್ಟಿಗೆ ಹಾಕಿ, ಎರಡೂ ಕೈ ಮುಗಿದಳು.

"ಗುಡದಪ್ಪಣ್ಣಾರು ಯಾವಾಗ ಹ್ವಾದ್ರಬೇ? ನಿನ್ನೆರೆ ಹಾದ್ಯಾಗ ಮಾತಾಡಿಸಿದ್ರಲ್ಲ! ಮಣ್ಣು ಮಾಡೋದು ಎಷ್ಟೊತ್ತಿಗೆ?"

ಕುರ್ಚಿಯಲ್ಲಿದ್ದ ಗುಡದಪ್ಪ ಒಂದು ಸಲ ಗೋಡೆ ನೋಡಿದ, ಒಂದು ಸಲ ಮಾಲೆ ನೋಡಿದ, ಒಂದು ಸಲ ತನ್ನ ಕೈಯನ್ನೇ ಚಿವುಟಿ ನೋಡಿಕೊಂಡ.

"ಇಳಸ್ರಲೇ ಅದನ್ನ!"

"ಯಾಕ್ರಿ ಗುಡದಪ್ಪಣ್ಣಾ, ನ್ಯಾಯಾ ನೀವ ಹೇಳೀರಿ" ಎಂದ ಮಡಿವಾಳೆಪ್ಪ.

"ನ್ಯಾಯದ ಮನಿ ಹಾಳಾಗ್ಲಿ, ಮೊದಲ ಇಳಸು! ಶಂಕ್ರಪ್ಪಾ, ನೀ ಹಿರೇ ಮನಷ್ಯಾ, ನಿನ್ನ ಮಡಚಿದ್ದು ತಪ್ಪಾತು. ನೀನ ಹೋಗು ಮ್ಯಾಲ."

"ಮ್ಯಾಲ ನಾ ಒಲ್ಲೆಪಾ!" ಶಂಕ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನನಗ ಬಿತ್ತಿಗಿ ಐತಿ. ಮಡಿವಾಳೆಪ್ಪ ಹೋಗ್ಲಿ. ಹುಡುಗ, ನೋಡಾಕ ಛಲೋ ಅದಾನ."

"ನನಗ ಡ್ಯೂಟಿ ಐತ್ರಿ" ಎಂದು ಮಡಿವಾಳೆಪ್ಪ ಸೀಟಿ ಊದಿದ. ಅದುವರೆಗೆ ಪ್ರಯಾಣದ ನೆನಪೇ ಇರದಿದ್ದ ಪ್ರಯಾಣಿಕರೆಲ್ಲ ಒಮ್ಮೆಲೇ ಬಸ್ಸು ಹತ್ತಿದರು. ಮುಂಜಾನೆಯಿಂದ ಯಾವ ಕಟ್ಟಿನೊಳಗೆ ತೂರಿಕೊಳ್ಳಲು ಊರಿಗೆ ಊರೇ ಜಗಳಾಡಿತ್ತೋ, ಆ ಕಟ್ಟಿನ ಹತ್ತಿರ ಈಗ ಯಾರೂ ನಿಲ್ಲಲೊಲ್ಲರು. ಗುಡದಪ್ಪ ಮಾಲೆಯನ್ನು ಕಿತ್ತು ಫಕೀರವ್ವನ ಬುಟ್ಟಿಗೆ ಹಾಕಿ, ಮೊದಲ ಬಾರಿಗೆ ತನ್ನ ಕುರ್ಚಿಯನ್ನು ಬಿಟ್ಟು ಹೋದ.

ಪಡಸಾಲೆಯಲ್ಲಿ ಈರಬಸಪ್ಪ ಒಬ್ಬನೇ ಉಳಿದ.

ರೇವವ್ವ ಹೊರಗೆ ಬಂದಳು. ಗುಡದಪ್ಪನ ಕುರ್ಚಿಯನ್ನು ಗೋಡೆಗೆ ಎಳೆದು, ಅದರ ಮೇಲೆ ಹತ್ತಿ ಕಟ್ಟು ಇಳಿಸಿದಳು. ಫೋಟೋ ತೆಗೆದು, ಮಡಿಕೆಗಳನ್ನೆಲ್ಲ ಬಿಡಿಸಿ, ರೊಟ್ಟಿಯ ಹಲಗೆಯ ಮೇಲೆ ಹರವಿ, ಅಂಗೈಯಿಂದ ಸವರಿದಳು. ಆಮೇಲೆ ಎಡದಿಂದ ತಾನೇ ಮಡಚುತ್ತ ಬಂದಳು: ಶಂಕ್ರಪ್ಪ ಹೋದ, ಮದುಮಗ ಹೋದ, ಗುಡದಪ್ಪ ಹೋದ, ತಾನೂ ಹೋದಳು, ತಮ್ಮನೂ ಹೋದ. ಕಾಗದದ ಬಲ ಅಂಚಿನಲ್ಲಿ ನೀಲವ್ವ ಮಾತ್ರ ಉಳಿದಳು, ಸೌಟು ಹಿಡಿದುಕೊಂಡು.

ಕಟ್ಟಿನಲ್ಲಿ ಇಟ್ಟಳು. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಲ್ಕನೆಯ ಮೂಲೆಯ ಸಂದಿ ಮಾತ್ರ ಹಾಗೆಯೇ ಇತ್ತು.

"ಅಳತಿ ಬರೋಬ್ಬರಿ ಬಂತಲ್ಲ" ಎಂದ ಈರಬಸಪ್ಪ, ತಾನು ಮೊದಲಿನಿಂದಲೂ ಇದೇ ಅಳತೆ ಹಿಡಿದಿದ್ದವನಂತೆ.

ರೇವವ್ವ ಅವನ ಮುಖ ನೋಡಿದಳು. ನಗಬಾರದೆಂದು ಬಹಳ ಪ್ರಯತ್ನ ಮಾಡಿದಳು.

"ಕೊಟಗಿ ಬಾಗಲಾ ಪೂರ್ತಿ ಮುಗಿಸೀರಿ. ಇವತ್ತ ರಾತ್ರಿ ಎಮ್ಮಿ ಕಾಯಾಕ ಕೊಟಗ್ಯಾಗ ನೀವ ಮಲಗ್ರಿ" ಎಂದು ಒಳಗೆ ಹೋದಳು. ಪಾತ್ರೆಗಳ ಸದ್ದು ಶುರುವಾಯಿತು. ಅಷ್ಟು ಇಂಪಾದ ಸದ್ದನ್ನು ಈರಬಸಪ್ಪ ಹಿಂದೆಂದೂ ಕೇಳಿರಲಿಲ್ಲ.

ಮುಂದಿನ ವಾರ ಮಡಿವಾಳೆಪ್ಪ ಹುಬ್ಬಳ್ಳಿಯಲ್ಲಿ ಗಾಜು ಕೊಯ್ಸಿ, ಕಂಡಕ್ಟರ್ ಸೀಟಿನ ಮೇಲೆ ಅದನ್ನು ಕೂಡಿಸಿ, ತಾನು ನಿಂತುಕೊಂಡು ಬಂದ. ಫಕೀರವ್ವ ಹಾಕಿದ ಮಾಲೆಯನ್ನು ಈ ಸಲ ಯಾರೂ ಕೀಳಲಿಲ್ಲ. ಶಂಕ್ರಪ್ಪ ಗರಗಸ ಒಯ್ಯಲು ಬಂದವನು ಕಟ್ಟಿಗೆ ಕೈ ಮುಗಿದ. ಮಲ್ಲಕ್ಕ ನೋಡುತ್ತಿದ್ದಳಾದ್ದರಿಂದ ಬಹಳ ಹೊತ್ತು ಕೈ ಜೋಡಿಸಿ ನಿಲ್ಲಲಿಲ್ಲ.

ಇಂದಿಗೂ ಆ ಮನೆಗೆ ಬಂದ ನೆಂಟರು ಗೋಡೆ ನೋಡಿ ಕೇಳುವುದುಂಟು: "ಅಲ್ಲಬೇ ರೇವವ್ವಾ, ಇಲ್ಲಿ ನಿಮ್ಮ ಮದಿವಿ ಫೋಟೋ ಇತ್ತಲ್ಲ? ಮಂದಿ ಎಲ್ಲಾ ಎಲ್ಲಿ ಹ್ವಾದ್ರು?"

"ಎಲ್ಲಾರೂ ಅಲ್ಲೇ ಅದಾರ್ರಿ, ನಮ್ಮವ್ವನ ಹಿಂದ" ಎನ್ನುತ್ತಾಳೆ ರೇವವ್ವ. "ಊಟಕ್ಕ ಕುಂತಾರ."